ಮಕ್ಕಳ ವಾರ್ಡಿನ ಹೊರಗಿರುವ ಸ್ಟೀಲ್ ಕುರ್ಚಿಯವರಿಗೆ

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ, ಮಕ್ಕಳ ಕ್ಯಾನ್ಸರ್ ವಾರ್ಡಿನ ಬಾಗಿಲಿಗೆ ಎದುರಾಗಿ, ಒಂದೇ ಕಬ್ಬಿಣದ ಪಟ್ಟಿಯ ಮೇಲೆ ಮೂರು ಆಸನಗಳನ್ನು ಹೊತ್ತು ರಜೆಯಿಲ್ಲದೆ ಸೇವೆ ಸಲ್ಲಿಸುತ್ತಿರುವ ಮಾನ್ಯ ಕುರ್ಚಿಯವರೇ, ಧಾರವಾಡ ಮಾಳಮಡ್ಡಿಯ ಶಶಿಕಾಂತನ ಸವಿನಯ ವಂದನೆಗಳು.

ತಾವು ನನ್ನನ್ನು ಬೆನ್ನಿನಿಂದ ಮಾತ್ರ ಬಲ್ಲಿರಾದ್ದರಿಂದ ಪರಿಚಯ ಹೇಳಿಕೊಳ್ಳುತ್ತೇನೆ. ಬೀದಿದೀಪ, ಚರಂಡಿ, ನಿಲ್ದಾಣದಲ್ಲಿ ನಿಲ್ಲದೆ ಹೋಗುವ ಬಸ್ಸು, ಇವುಗಳ ಬಗ್ಗೆ ದಿನಪತ್ರಿಕೆಯ ವಾಚಕರ ಅಂಕಣಕ್ಕೆ ಪತ್ರ ಬರೆಯುತ್ತ ತಲೆ ನರೆಸಿಕೊಂಡವನು ನಾನು. ನನ್ನ ಪತ್ರಗಳಿಂದ ಈವರೆಗೆ ಒಂದು ದೀಪವೂ ಹತ್ತಿದ್ದಿಲ್ಲ, ಒಂದು ಬಸ್ಸೂ ನಿಂತದ್ದಿಲ್ಲ. ಶಾಲೆಯಲ್ಲಿ ಎರಡನೆಯ ಇಯತ್ತೆ ಓದುತ್ತಿರುವ ನನ್ನ ಮಗಳು ಭಾಗ್ಯಾ ರಕ್ತದ ಕ್ಯಾನ್ಸರಿನ ಚಿಕಿತ್ಸೆಗೆ ಇಲ್ಲಿ ದಾಖಲಾದ ಮೇಲೆ, ಒಳಗೆ ಒಬ್ಬ ಪಾಲಕರು ಮಾತ್ರ ಇರಬೇಕೆಂಬ ನಿಯಮದಂತೆ ನಾನೂ ನನ್ನ ಹೆಂಡತಿ ವಿದ್ಯಾಳೂ ಬಾಗಿಲಲ್ಲಿ ಪಾಸು ಬದಲಿಸಿಕೊಳ್ಳುವಾಗ ಮಾತ್ರ ಭೇಟಿಯಾಗುತ್ತಿದ್ದೆವು. ಆಗ ಅವಳು "ಆರಾಮ ಇದ್ದೀರೇನ್ರೀ?" ಎನ್ನುವಳು, ನಾನು "ಏ, ನನಗೇನಾಗೇದ?" ಎನ್ನುವೆನು. ನಂತರ ಹೊರಗೆ ಬಂದು, ಪತ್ರಿಕೆಯನ್ನು ಮುಖದ ಮುಂದೆ ಅಗಲಿಸಿ, ತಮ್ಮ ಮೇಲೆ ಕುಳಿತು, ಸದ್ದಿಲ್ಲದೆ ಅಳುವೆನು. ಗುಟ್ಟು ಕಾಯುವ ವಿಷಯದಲ್ಲಿ ನನಗೆ ನನ್ನ ಮೇಲೆ ಬಹಳ ಅಭಿಮಾನವಿತ್ತು.

ನನ್ನ ದೂರು ಇಲ್ಲಿಂದ ಆರಂಭ. ಪಟ್ಟಿ ಒಂದೇ ಆದ ಕಾರಣ ತಮ್ಮ ಒಂದು ಆಸನದಲ್ಲಿ ಕುಳಿತವನು ಅಲುಗಿದರೆ ಉಳಿದೆರಡೂ ಅಲುಗುತ್ತವೆ. ಪಕ್ಕದ ಆಸನದಲ್ಲಿ ಇರುತ್ತಿದ್ದ ಮೈಮುನಾ, ಒಳಗಿರುವ ಬಿಲಾಲನ ತಾಯಿ, ಒಂದು ಮುಂಜಾನೆ ತನ್ನ ಚಹಾ ತುಳುಕಿದ್ದನ್ನು ನೋಡಿ ನನ್ನತ್ತ ತಿರುಗಿದಾಗ, ನಾನು ಪತ್ರಿಕೆಯ ಹಿಂದಿನಿಂದಲೇ "ನಟ್ ಸಡಿಲ ಆಗ್ಯಾವ್ರೀ" ಎಂದೆ. ಅಷ್ಟಕ್ಕೇ ಬಿಡುವವನೇ ನಾನು? ಕುರ್ಚಿ ನಡುಗುತ್ತದೆಂದು ಆಡಳಿತದವರಿಗೆ ಲಿಖಿತ ದೂರು ಕೊಟ್ಟೆ, ಅದೇ ಹಾಳೆಯ ಕೆಳಗೆ, ಹೆಂಗಸರ ಬಚ್ಚಲಲ್ಲಿ ಯಾರೋ ಬೇಜವಾಬ್ದಾರಿಯವರು ದಿನಾಲೂ ನಳ ಬಿಟ್ಟು ಕುಡಿಯುವ ನೀರು ಪೋಲು ಮಾಡುತ್ತಿದ್ದಾರೆ, ಸದ್ದು ಕಾರಿಡಾರಿನವರೆಗೆ ಕೇಳಿಸುತ್ತದೆ ಎಂದೂ ಸೇರಿಸಿದೆ.

ಆಡಳಿತದವರು ಬರುವ ಮೊದಲೇ ಮೈಮುನಾಳ ಗಂಡ, ಗ್ಯಾರೇಜಿನ ಮಕಬೂಲಸಾಬರು ಪಾನಾ ತಂದು, ತಮ್ಮ ಕೆಳಗೆ ಅಂಗಾತ ಮಲಗಿ, ಒಂದೊಂದು ನಟ್ಟನ್ನೂ ಬಿಗಿದು, "ಇನ್ನ ಇದರ ಮ್ಯಾಲ ಎತ್ತು ಕುಣಿದ್ರೂ ಅಳ್ಳಾಡೂದಿಲ್ರೀ" ಎಂದು ಕೈ ಒರೆಸಿಕೊಂಡು ಹೋದರು. ಅದೇ ದಿನ ಭಾಗ್ಯಾಳ ಬೆನ್ನಿಗೆ ಸೂಜಿ ಹಾಕಬೇಕಾಗಿ ಇಬ್ಬರನ್ನೂ ಹೊರಗೆ ಕಳಿಸಿದ್ದರಿಂದ, ಮೈಮುನಾಳ ಪಕ್ಕದಲ್ಲಿ ನಾನೂ ವಿದ್ಯಾಳೂ ಮೊದಲ ಬಾರಿಗೆ ಒಟ್ಟಿಗೆ ತಮ್ಮ ಮೇಲೆ ಕುಳಿತೆವು. ಬಾಗಿಲು ಮುಚ್ಚಿತು. ಒಳಗಿಂದ "ಅಪ್ಪಾ" ಎಂದು ಒಂದು ಸಲ ಕೇಳಿಸಿತು. ತಾವು ನಡುಗತೊಡಗಿದಿರಿ.

"ನಟ್ ಸಡಿಲ..." ಎಂದು ನಾನು ಶುರು ಮಾಡಿದ್ದೆ. "ಅಣ್ಣಾರ, ನಟ್ಟಿಗೆ ಯಾಕ ಹೆಸರಿಡತೀರಿ, ಮುಂಜಾನೆ ಮನಿಯವರು ಬಿಗದು ಹೋಗ್ಯಾರಲ್ರೀ" ಎಂದಳು ಮೈಮುನಾ. ವಿದ್ಯಾ ನನ್ನ ಕೈಯಿಂದ ಪತ್ರಿಕೆಯನ್ನು ಮೆಲ್ಲಗೆ ಇಳಿಸಿದಳು; ನನ್ನ ಕಣ್ಣು ನೋಡಿ, "ನೀವೂ ಅಳತೀರಿ ಅಂತ ಮೊದಲ ಹೇಳಬಾರದಾಗಿತ್ತೇನ್ರೀ? ನಾ ಒಬ್ಬಾಕಿನ ಹೆದರೇನಿ ಅಂತ ತಿಳಕೊಂಡು ಬಚ್ಚಲದಾಗ ನಳಾ ಬಿಟ್ಟು ಅಳತಿದ್ದೆ" ಎಂದಳು. ಹೀಗೆ, ಬೇಜವಾಬ್ದಾರಿಯವರು ಯಾರೆಂಬುದು ತನಿಖೆಯಿಲ್ಲದೆಯೇ ಪತ್ತೆಯಾಯಿತು. ಆಮೇಲೆ ಇಬ್ಬರೂ ಅತ್ತೆವು, ಮೈಮುನಾಳೂ ಸೇರಿದಳು, ತಾವು ಮೂವರ ಲೆಕ್ಕದಲ್ಲಿ ಅಲುಗಾಡಿದಿರಿ. ಸೂಜಿ ಮುಗಿದ ಮೇಲೆ ಒಳಗೆ ಹೋದಾಗ ಭಾಗ್ಯಾ ನಮ್ಮಿಬ್ಬರ ಕಣ್ಣು ನೋಡಿ, "ನಿಮಗೂ ಚುಚ್ಚಿದ್ರೇನು?" ಎಂದು ಕೇಳಿದಳು. ಹೌದೆಂದೆವು. ಅವಳಿಗೆ ಅದರಿಂದ ಸಮಾಧಾನವಾದಂತೆ ಕಂಡಿತು.

ಮಾನ್ಯರೇ, ಈ ಆಸ್ಪತ್ರೆಯಲ್ಲಿ ಮಗುವಿನ ಜ್ವರ ನೋಡುವವರಿದ್ದಾರೆ, ರಕ್ತ ನೋಡುವವರಿದ್ದಾರೆ, ತೂಕ ನೋಡುವವರಿದ್ದಾರೆ, ಎಲ್ಲರೂ ಒಳ್ಳೆಯವರು. ಪಾಲಕರನ್ನು ನೋಡುವ ಹುದ್ದೆಗೆ ಮಾತ್ರ ಯಾರನ್ನೂ ನೇಮಿಸದೆ, "ಪಾಲಕರೇ, ಧೈರ್ಯದಿಂದಿರಿ" ಎಂಬ ಫಲಕವನ್ನು ತಮ್ಮ ನೆತ್ತಿಯ ಮೇಲೆ ತೂಗುಹಾಕಿ, ಉಳಿದದ್ದನ್ನು ತಮಗೆ ವಹಿಸಿದ್ದಾರೆ. ಆದ್ದರಿಂದ ತಾವು ಪಗಾರ ಕೇಳಬೇಕು, ಬಿಳಿ ಕೋಟು ಧರಿಸಬೇಕು, ದಿನಕ್ಕೊಮ್ಮೆ ವಾರ್ಡಿನ ರೌಂಡಿಗೆ ಹೋಗಬೇಕು, ಮತ್ತು ನನ್ನಂಥ ಗಟ್ಟಿ ಗಂಡಸು ಪತ್ರಿಕೆ ಬಿಡಿಸಿದ ಕೂಡಲೇ ಇನ್ನೂ ಜೋರಾಗಿ ನಡುಗಬೇಕೆಂದು ಕೋರುತ್ತೇನೆ. ಚಿಕಿತ್ಸೆ ಇನ್ನೂ ಬಹಳ ಉಳಿದಿದೆ; ಮುಂದೇನೆಂದು ಡಾಕ್ಟರರೂ ಹೇಳುತ್ತಿಲ್ಲ. ಅಲ್ಲಿಯವರೆಗೆ ನಮಗೆ ತಾವು ಬೇಕು.

ಗುಟ್ಟು ರಟ್ಟಾಗಿ ಹಗುರಾದ,
ತಮ್ಮ ವಿಶ್ವಾಸಿ,
ನಡುವಿನ ಆಸನದ ಶಶಿಕಾಂತ

ತಾ.ಕ.: ನನ್ನ ಜೀವಮಾನದ ಪತ್ರಗಳಲ್ಲಿ ಮೊದಲ ಬಾರಿಗೆ ಒಂದರ ಮೇಲೆ ಕ್ರಮ ಜರುಗಿದೆ. ಬಚ್ಚಲಿಗೆ ತಾನಾಗಿ ನಿಲ್ಲುವ ನಳ ಬಂದಿದೆ, ಸೋಮವಾರ ತಮ್ಮನ್ನು ಕಿತ್ತು ಬಿಡಿ ಬಿಡಿಯಾದ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಲಿದ್ದಾರೆ, ದೂರುದಾರರಿಗೆ ಕೃತಜ್ಞತೆಯನ್ನೂ ತಿಳಿಸಿದ್ದಾರೆ. ದೂರನ್ನು ಹಿಂಪಡೆಯುವ ಪತ್ರ ಬರೆದಿದ್ದೇನೆ. ಆದರೆ ನನ್ನ ಪತ್ರಗಳ ಚರಿತ್ರೆ ಬಲ್ಲ ವಿದ್ಯಾ ಅದನ್ನು ನಂಬದೆ, ತಮ್ಮ ಕಾಲುಗಳನ್ನು ನೆಲಕ್ಕೆ ಬೆಸೆಯಲು ಮಕಬೂಲಸಾಬರಿಗೆ ಹೇಳಿ ಕಳಿಸಿದ್ದಾಳೆ.