ನೀರು ಕುಡೀರಿ ಅಂದವರಿಗೊಂದು ವಂದನಾರ್ಪಣೆ

ನೀರು ಭಾಳ ಕುಡೀರಿ ಅಂತ ಬುದ್ಧಿ ಹೇಳವರು ನನಗ ಎಲ್ಲಿ ಹೋದರೂ ಗಂಟು ಬೀಳ್ತಾರ. ಕುಡದ ಮ್ಯಾಲ ಎಲ್ಲಿಗಿ ಹೋಗಬೇಕು ಅಂತ ಒಬ್ಬರೂ ಹೇಳಂಗಿಲ್ಲ. ತೊಂಬತ್ತರ ದಶಕದಾಗ ನಾನು ವಾಡಿಯಿಂದ ಚಿತ್ತಾಪುರ ಕಡಿ ಒಂದು ಹಳ್ಳಿ ಸಾಲಿಗಿ ಪಾಠ ಮಾಡ್ಲಿಕ್ಕ ಹೋಗಿ ಬರ್ತಿದ್ದೆ. ಹೆಣ್ಣು ಟೀಚರ್ ಅಂದ್ರ ನಾವು ಇಬ್ಬರು. ಸಂಡಾಸ ಒಂದೂ ಇಲ್ಲ.

ಡಾಕ್ಟರು

ಉರಿಮೂತ್ರ ಶುರುವಾಗಿ ಶಹಾಬಾದಿನ ಡಾಕ್ಟರ್ ಹಂತೇಕ ಹೋದೆ. ಮಾರಿ ನೋಡಿದವರೇ, "ಚರ್ಮ ಹೆಂಗ ಒಣಗ್ಯದ ನೋಡ್ರಿ! ತಂಬಗಿ ತಂಬಗಿ ನೀರು ಕುಡೀರಿ, ಮಾರಿ ಫಳಫಳ ಹೊಳೀತದ" ಅಂದ್ರು.

"ಸಾಲ್ಯಾಗ ಸಂಡಾಸ ಇಲ್ರಿ. ಮುಂಜಾನಿಂದ ಸಂಜಿ ತನಕ ನಾನು ನೀರೇ ಮುಟ್ಟಂಗಿಲ್ಲ."

ಡಾಕ್ಟರು ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದ್ರು. "ಹಂಗಾದ್ರ ಐತವಾರ ಸಾಲಿ ಸೂಟಿ ಇರ್ತದಲ್ಲ, ಅವತ್ತು ಜಾಸ್ತಿ ಕುಡೀರಿ" ಅಂದ್ರು.

ವಾರದ್ದೆಲ್ಲಾ ಕೂಡಿ ಇಟ್ಕೊಳ್ಳಾಕ ನಾನೇನು ಒಂಟೆ ಏನ್ರಿ?

ಆಪಾ

ಇನ್ನೊಬ್ಬ ಟೀಚರ್ ನನಗಿಂತ ದೊಡ್ಡವರು, ಎಲ್ಲರೂ ಆಪಾ ಅಂತಿದ್ವಿ. ರಂಜಾನ್ ಬಂತು. ಹೆಡ್ ಮಾಸ್ತರ್ ಭಾರೀ ಮರುಗಿ, "ಈ ಬಿಸಲಾಗ ದಿನ ಪೂರಾ ನೀರಿಲ್ದ ಹೆಂಗ ಇರ್ತೀರಿ ಆಪಾ?" ಅಂತ ಕೇಳಿದ್ರು.

ಆಪಾ ತಣ್ಣಗ ಹೇಳಿದ್ರು, "ನಮ್ಮ ಮನಿ ಮಂದಿಗಿ ಒಂದೇ ತಿಂಗಳು ರೋಜಾ ಸರ್. ನಾನು ನಿಮ್ಮ ಸಾಲಿಗಿ ಬಂದಾಗಿಂದ ವರ್ಷ ಪೂರಾ ಹಿಡೀಲಿಕತ್ತೀನಿ."

ಹೆಡ್ ಮಾಸ್ತರ್ ಹೊಟ್ಟಿ ಹಿಡ್ಕೊಂಡು ನಕ್ಕರು. ನನಗ ಮೈಯೆಲ್ಲಾ ಉರೀತು. ಸಂಡಾಸ ಕೇಳಿದಾಗೆಲ್ಲಾ "ಮ್ಯಾಲ ಹೇಳೀನ್ರಿ" ಅನ್ನವರು ಇವರೇ. ಮ್ಯಾಲ ಅಂದ್ರ ದೇವರಿಗಿ ಹೇಳಿದ್ರೋ ಏನೋ.

ಸಾಹೇಬ್ರು

ಒಂದಿನ ಸೇಡಂ ಕಡಿಂದ ಒಬ್ಬ ಸರ್ಕಾರಿ ಸಾಹೇಬ್ರು ಆರೋಗ್ಯದ ಭಾಷಣಕ್ಕ ಬಂದ್ರು. ಸಾಲಿ ಹಿತ್ತಲದಾಗ ಕಾರ್ಯಕ್ರಮ. "ನೀರು ಕುಡುದ್ರ ಚರ್ಮ ಬಂಗಾರ ಆಗ್ತದ, ಹಿಂಗ ಕುಡೀಬೇಕು" ಅಂತ ಮಾತಿಗೊಂದು ಗ್ಲಾಸು ಎತ್ತಿ ಕುಡುದು ತೋರಸ್ಲಿಕತ್ರು. ಹೆಡ್ ಮಾಸ್ತರ್ ತುಂಬಿ ತುಂಬಿ ಕೊಟ್ಟಿದ್ದೇ ಕೊಟ್ಟಿದ್ದು.

ಭಾಷಣ ಮುಗಿಯೂದ್ರಾಗ ಸಾಹೇಬ್ರ ಮಾರಿ ಸಣ್ಣದಾಗಿತ್ತು. ಗಂಡಸರು ಒಂದಕ್ಕ ಹೋಗೋದು ಹಿತ್ತಲ ಗ್ವಾಡಿಗಿ. ಅವತ್ತು ಆ ಗ್ವಾಡಿ ನೆರಳಾಗ ಊರ ಹೆಣ್ಮಕ್ಕಳು ತುಂಬಿ ಕುಂತಾರ. ಡ್ರೈವರ್ ನೋಡಿದ್ರ ಜೀಪ್ ತೊಗೊಂಡು ಊಟಕ್ಕ ಹೋಗ್ಯಾನ.

"ಮೇಡಂ, ವಂದನಾರ್ಪಣೆ ನಿಮ್ಮದೇ. ಲಗೂ ಮುಗಸ್ರಿ" ಅಂತ ಹೆಡ್ ಮಾಸ್ತರ್ ನನಗ ಕೈಮುಗುದ್ರು.

ನನಗ ಪಿತ್ತ ನೆತ್ತಿಗಿ ಏರಿತ್ತು. ಲಗೂ ಅಂತ ಲಗೂ! ಶಾಮಿಯಾನದವಗ ವಂದಿಸಿದೆ, ಮೈಕಿನವಗ ವಂದಿಸಿದೆ, ಕುರ್ಚಿ ಕೊಟ್ಟವರ ಮನಿ ಮಂದಿಗೆಲ್ಲಾ ವಂದಿಸಿದೆ. ಸಾಹೇಬ್ರು ಕಾಲಮ್ಯಾಲ ಕಾಲು ಹಾಕಿದ್ರು, ತಗದ್ರು, ಮತ್ತ ಹಾಕಿದ್ರು. ಕಡೀಕ ಎದ್ದು ಬಂದು ನನ್ನ ಕಿವ್ಯಾಗ, "ಒಂದಕ್ಕ ಎಲ್ಲಿ ಹೋಗ್ಬೇಕ್ರಿ ಮೇಡಂ?" ಅಂದ್ರು.

ನಾನು ಮೈಕಿನಾಗೇ ಹೇಳಿದೆ, "ಸರ್, ನಿಮಗ ಈಗೊಂದು ತಾಸಾಗ್ಯದ. ನನಗ, ಆಪಾಗ, ಈ ಹುಡಿಗ್ಯಾರಿಗಿ ದಿನಾ ಹಿಂಗೇ ಆಗ್ತದ. ಸಂಡಾಸ ಕಟ್ಟಸ್ತೀನಂತ ನೀವು ಹೇಳ್ರಿ, ವಂದನಾರ್ಪಣೆ ಇಲ್ಲಿಗೇ ಮುಗಸ್ತೀನಿ."

ಸಾಹೇಬ್ರು ಮೈಕ್ ಕಸ್ಕೊಂಡು, "ಕಟ್ಟಸ್ತೀನಿ! ಈ ವರ್ಷೇ ಕಟ್ಟಸ್ತೀನಿ!" ಅಂತ ಒದರಿದ್ರು.

ಗ್ವಾಡಿ ಹಂತೇಕ ಕುಂತಿದ್ದ ಒಬ್ಬಾಕಿ ಮುದುಕಿ ಆರಾಮಾಗಿ ಕೈ ಎತ್ತಿದಳು. "ಇನ್ನೊಮ್ಮಿ ಹೇಳ್ರಿ ಸಾಹೇಬ್ರ, ಹಿಂದ ಕುಂತವರಿಗಿ ಕೇಳ್ಸಲಿಲ್ಲ!"