ಒಳಗಿನ ಯಜಮಾನನಿಗೆ ನೇರ ಚೀಟಿ

"ಡಾಕ್ಟರಿಂದ ಆಗಲಿಲ್ಲ, ಕುತ್ತಿಗೆಪಟ್ಟಿಯಿಂದ ಆಗಲಿಲ್ಲ, ಕಟ್ಟಿಕೊಂಡ ಹೆಂಡತಿಯಿಂದಂತೂ ಆಗಲೇ ಇಲ್ಲ. ನನ್ನ ಮಗನ ಕುತ್ತಿಗೆಯನ್ನ ನಾನು ನೆಟ್ಟಗೆ ಮಾಡ್ತೀನಿ! ಅದೂ ಅವನ ಕಂಪ್ಯೂಟರಿನ ಕೈಯಿಂದಲೇ ಮಾಡಿಸ್ತೀನಿ!"

ಸ್ಟೂಲಜ್ಜಿ ಅಡುಗೆಮನೆಯ ನಡುವೆ ನಿಂತು ಹೀಗೆ ಸಾರಿದಾಗ ಕೇಳಿಸಿಕೊಂಡದ್ದು ಎರಡೇ ಜೀವ. ಒಂದು ಒಲೆಯ ಮೇಲಿನ ಹಾಲು, ಇನ್ನೊಂದು ಸೊಸೆ. ಹಾಲು ಉಕ್ಕಿತು. ಸೊಸೆ ಉಕ್ಕಲಿಲ್ಲ.

"ಮಾಡಿ ಅತ್ತೆ. ಮೊದಲು ಒಲೆ ಆರಿಸಿ," ಎಂದಳು.

ಮಗ ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವವನು. ಮುಂದಿನ ಕೋಣೆಯೇ ಅವನ ಆಫೀಸು. ಗೋಡೆಗೆ ಒರಗಿಸಿಟ್ಟ ಕಾಗದದ ಸುರುಳಿಗಳು, ಮೇಜಿನ ಮೇಲೊಂದು ಕಂಪ್ಯೂಟರು, ಅದರ ಮುಂದೆ ಬಗ್ಗಿದ ಅವನು. ಕೂತನೆಂದರೆ ಏಳುವ ಪೈಕಿಯಲ್ಲ. ಕುತ್ತಿಗೆ ಕೊಕ್ಕರೆಯ ಹಾಗೆ ಮುಂದಕ್ಕೆ ಬಂದು, ಕೊನೆಗೆ ಡಾಕ್ಟರು ಬಿಳೀ ಪಟ್ಟಿ ಬಿಗಿದು, "ಅರ್ಧ ಗಂಟೆಗೊಮ್ಮೆ ಎದ್ದು ಓಡಾಡದಿದ್ದರೆ ಈ ಪಟ್ಟಿಯೇ ನಿಮಗೆ ಶಾಶ್ವತ ಒಡವೆ" ಎಂದಿದ್ದರು. ಹೆಂಡತಿ ಹೇಳಿದರೆ "ಈ ಗೋಡೆ ಒಂದು ಎಳೆದುಬಿಡ್ತೀನಿ ಇರೇ" ಎನ್ನುತ್ತಿದ್ದ. ಆ ಗೋಡೆ ಎಂದೂ ಮುಗಿಯುತ್ತಿರಲಿಲ್ಲ.

ಇನ್ನು ಸ್ಟೂಲಜ್ಜಿಯ ಬಿರುದಿನ ವಿಚಾರ. ಗಂಡ ತೀರಿಕೊಂಡ ವರ್ಷ, ನಾಲ್ಕನೇ ತರಗತಿಯ ಓದಿನ ಬಲದ ಮೇಲೆ ಆಕೆ ಒಂದು ದೊಡ್ಡ ಕಚೇರಿಯಲ್ಲಿ ಅಟೆಂಡರ್ ಆಗಿ ಸೇರಿದಳು. ಸಾಹೇಬರ ಬಾಗಿಲ ಹೊರಗೆ ಒಂದು ಸ್ಟೂಲು. ಅದರ ಮೇಲೆ ಮೂವತ್ತೊಂದು ವರ್ಷ! ಯಾರಿಗೆ ಏನು ಬೇಕಿದ್ದರೂ ಚೀಟಿ ಅವಳ ಕೈಗೆ, ಅವಳ ಕೈಯಿಂದ ಒಳಗೆ. ಸಾಹೇಬರು ಏಳು ಮಂದಿ ಬದಲಾದರು, ಸ್ಟೂಲು ಬದಲಾಗಲಿಲ್ಲ.

ಆ ಕಾಲದ್ದೇ ಪೊರಕೆ ಪ್ರಕರಣ. ಅದನ್ನು ಮನೆಯವರು ಎಷ್ಟು ಸಲ ಕೇಳಿದ್ದಾರೆಂದರೆ, ಮೊಮ್ಮಗಳು ನಿದ್ದೆಯಲ್ಲೂ ಒಪ್ಪಿಸಬಲ್ಲಳು. ಹೊಸದಾಗಿ ಬಂದ ಗುಮಾಸ್ತನೊಬ್ಬ ಸ್ಟೂಲಿನವಳನ್ನು ದಾಟಿಕೊಂಡು ಸೀದಾ ಉಗ್ರಾಣದ ಮುಖ್ಯಸ್ಥರ ಕೈಗೆ ಚೀಟಿ ಕೊಟ್ಟ: 'ಪೊರಕೆ, ೧೨.' ಉಗ್ರಾಣದಲ್ಲಿ ಲೆಕ್ಕವೆಲ್ಲ ಡಜನ್‌ನಲ್ಲಿ. ಸಂಜೆ ನೂರಾ ನಲವತ್ತನಾಲ್ಕು ಪೊರಕೆ ಬಂದು ಇಳಿದವು! ಸಾಹೇಬರ ಕುರ್ಚಿಗೂ ದಾರಿ ಇಲ್ಲ. "ಅವಳನ್ನ ಯಾಕಯ್ಯ ಕೇಳಲಿಲ್ಲ?" ಎಂದು ಸಾಹೇಬರು ಗದರಿದರೆ ಆತ ತಲೆ ಕೆರೆದುಕೊಂಡು, "ದೊಡ್ಡವರನ್ನೇ ಕೇಳಿದ್ರೆ ಕೆಲಸ ಬೇಗ ಆಗುತ್ತೆ ಅಂದ್ಕೊಂಡೆ ಸಾರ್" ಎಂದನಂತೆ. ಈ ಮಾತು ಬಂದಾಗಲೆಲ್ಲ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

ಕಂಪ್ಯೂಟರಿನ ಹುಚ್ಚು ಹತ್ತಿಸಿದ್ದು ಮೊಮ್ಮಗಳು. ಕಾಲೇಜಿನಲ್ಲಿ ಅದನ್ನೇ ಓದುವವಳು. ಅಪ್ಪ ಊಟಕ್ಕೆ ಎದ್ದಾಗ ಅವಳು ಕೂತು ಏನೋ ನಾಲ್ಕು ಸಾಲು ಬರೆಯುವುದು, ಕಂಪ್ಯೂಟರು 'ಕುಂಯ್' ಎನ್ನುವುದು. ಅಜ್ಜಿಗೆ ತಡೆಯಲಾರದ ಕುತೂಹಲ.

"ಬರೆದವಳು ನೀನು. ಕುಂಯ್ ಅಂದವರು ಯಾರೇ?"

"ಆಪರೇಟಿಂಗ್ ಸಿಸ್ಟಮ್ ಅಜ್ಜಿ, ಒಳಗಿನ ಯಜಮಾನ. ಪರದೆ, ಕೀಲಿಮಣೆ, ಸದ್ದು, ಗಡಿಯಾರ, ಎಲ್ಲ ಅದರ ಕೈಯಲ್ಲಿ. ನಾನು ಬರೆಯೋದು ಸ್ಕ್ರಿಪ್ಟು. ಇದಕ್ಕೆ ಸ್ವಂತ ಕೈಕಾಲಿಲ್ಲ. 'ಇಂಥಾ ಕೆಲಸ ಮಾಡಿಕೊಡಿ' ಅಂತ ಒಳಗೆ ಕೇಳಬೇಕು."

"ಅಂದ್ರೆ ಚೀಟಿ ಕಳಿಸಬೇಕು!"

"ಹೂಂ, ಚೀಟಿನೇ ಅಂತಿಟ್ಕೋ. ಯಾವ ವಿಭಾಗ, ಯಾವ ಕೆಲಸ, ಎಷ್ಟು, ಎಲ್ಲ ಸರಿಯಾಗಿ ಬರೀಬೇಕು."

"ಉತ್ತರ ಬರುತ್ತಾ?"

"ಬರುತ್ತೆ. ಆಗಲಿಲ್ಲ ಅಂದ್ರೆ ಸೊನ್ನೆ."

"ಪರವಾಗಿಲ್ವೇ! ನಮ್ಮ ಮೂರನೇ ಸಾಹೇಬರು ಆಗಿದ್ರೂ ಹೂಂ ಅನ್ನೋರು, ಆಗದಿದ್ರೂ ಹೂಂ ಅನ್ನೋರು. ಸರಿ, ತಪ್ಪು ವಿಭಾಗಕ್ಕೆ ಚೀಟಿ ಹೋದ್ರೆ?"

"ಅಂಥಾ ಕೆಲಸ ಇಲ್ಲಿಲ್ಲ ಅಂತ ವಾಪಸ್ ಎಸೆಯುತ್ತೆ."

"ಅದೂ ನಮ್ಮ ಕಚೇರಿ ಥರಾನೇ!"

ಅಂದಿನಿಂದ ಅಜ್ಜಿ ಹಳೆಯ ಡೈರಿಯೊಂದರಲ್ಲಿ ಚೀಟಿಗಳ ಮಾದರಿ ಬರೆದಿಟ್ಟುಕೊಂಡಳು. ಇಂಗ್ಲಿಷ್ ಅಕ್ಷರಗಳನ್ನು ಬಾಗಿಲ ಮೇಲಿನ ಹೆಸರಿನ ಹಲಗೆಗಳಿಂದ ಕಲಿತವಳು, ಒಂದೇ ಬೆರಳಿನಲ್ಲಿ ಕೋಳಿ ಕಾಳು ಹೆಕ್ಕಿದ ಹಾಗೆ ಹೊಡೆಯುತ್ತಿದ್ದಳು. ಆದರೆ ತಪ್ಪಿಲ್ಲದೆ. ಒಂದು ದಿನ ಪರದೆಯ ಮೇಲೆ ಸಣ್ಣ ಡಬ್ಬಿಯೊಂದು ಮೂಡಿ 'ಚಹಾ ಬೇಕು' ಎಂದಿತು. ಸೊಸೆ ಓದಿ, "ಅತ್ತೆ, ಬಾಯಲ್ಲಿ ಕೇಳಿದ್ರೂ ಕೊಡ್ತಿದ್ದೆ" ಎಂದಳು.

ಆಗ ಹೊಳೆದದ್ದೇ ಕುತ್ತಿಗೆ ಯೋಜನೆ. ಪರದೆಗೆ ಬೀಗ ಹಾಕುವ ಕೆಲಸವೂ ಒಳಗಿದೆಯಂತೆ. ಅರ್ಧ ಗಂಟೆ ಕಾಯುವುದು, ಬೀಗ ಹಾಕುವುದು, ಮತ್ತೆ ಅರ್ಧ ಗಂಟೆ ಕಾಯುವುದು. ಬೀಗ ಬಿದ್ದರೆ ಮಗ ಏಳಲೇಬೇಕು! ಮೊಮ್ಮಗಳು ಎರಡೂ ಚೀಟಿ ಬರೆಯಿಸಿದಳು. "ಬೀಗಕ್ಕೆ ಒಳಗಿನವರನ್ನೇ ಕೇಳಬೇಕು. ಕಾಯೋದಕ್ಕೆ ಮಾತ್ರ ಅಷ್ಟು ದೂರ ಹೋಗಬೇಡ. ಸ್ಕ್ರಿಪ್ಟಿನ ಬಾಗಿಲಲ್ಲೇ ಸ್ಲೀಪ್ ಅಂತ ಒಬ್ಬಳಿದ್ದಾಳೆ, ಅವಳಿಗೆ ಸಾವಿರದೆಂಟುನೂರು ಸೆಕೆಂಡು ಅಂತ ಹೇಳಿದ್ರೆ ಆಯಿತು. ಮೊದಲು ನನ್ನ ಮುಂದೆ ಓಡಿಸಿ ನೋಡು, ಆಮೇಲೆ ಅಪ್ಪಂಗೆ," ಎಂದು ಹೇಳಿ ಕಾಲೇಜಿಗೆ ಹೋದಳು.

ಮಗ ಊಟಕ್ಕೆ ಎದ್ದ ಹೊತ್ತಿಗೆ ಅಜ್ಜಿ ಒಬ್ಬಳೇ ಕಂಪ್ಯೂಟರಿನ ಮುಂದೆ ಕೂತಳು. ಡೈರಿ ತಿರುವಿದಳು. ಮೊಮ್ಮಗಳು ಹಿಂದೆ ಬರೆಸಿದ್ದ ಒಳಗಿನ ಕೆಲಸಗಳ ಪಟ್ಟಿಯಲ್ಲೂ ಒಂದು ಸ್ಲೀಪ್ ಕಾಣಿಸಿತು! ಯಜಮಾನನ ಸ್ವಂತ ಗಡಿಯಾರದಿಂದಲೇ ಎಣಿಸುವ ಸ್ಲೀಪ್. ಬೀಗಕ್ಕೆ ಹೇಗೂ ಒಳಗೆ ಹೋಗುತ್ತಿದ್ದೇನೆ, ಕಾಯುವುದಕ್ಕೆ ಬಾಗಿಲಲ್ಲಿ ಕೂತವಳ ಹತ್ತಿರ ಯಾಕೆ ಕೈ ಚಾಚಲಿ? ಎಂದುಕೊಂಡು ಹೊರಗಿನವಳ ಹೆಸರು ಅಳಿಸಿ ಒಳಗಿನವನ ಹೆಸರು ಬರೆದಳು. ಸಾವಿರದೆಂಟುನೂರು ಹಾಗೆಯೇ ಇತ್ತು. ಆಮೇಲೆ ಆ ಸ್ಕ್ರಿಪ್ಟನ್ನು, ಕಂಪ್ಯೂಟರು ತೆರೆದ ಕೂಡಲೇ ತಾವಾಗಿ ಏಳುವ ಪ್ರೋಗ್ರಾಮುಗಳ ಗೂಡಿನಲ್ಲಿ ಇಟ್ಟಳು. ಓಡಿಸಿ ನೋಡುವುದೇ? ಮೂವತ್ತೊಂದು ವರ್ಷ ಚೀಟಿ ಹೊತ್ತವಳು ಚೀಟಿಯ ಪರೀಕ್ಷೆ ಕೊಡುವುದೇ? ಛೆ!

ಮರುದಿನ ಬೆಳಿಗ್ಗೆ ಹತ್ತು ಗಂಟೆ. ಮಗ ಹೊಸ ಅಂಗಿ ಹಾಕಿಕೊಂಡು ಕುತ್ತಿಗೆಪಟ್ಟಿ ಬಿಗಿದು ಕಂಪ್ಯೂಟರಿನ ಮುಂದೆ ಕೂತ. ಊರಿನ ಮಕ್ಕಳಿಗೆ ಹೊಸ ವಾಚನಾಲಯ ಕಟ್ಟುವವರಿದ್ದರು. ಅದರ ನಕ್ಷೆಯ ಸ್ಪರ್ಧೆಗೆ ಅವನು ಮೂರು ತಿಂಗಳು ನಿದ್ದೆಗೆಟ್ಟಿದ್ದ. ನಕ್ಷೆ ಕಳಿಸಲು ಆ ದಿನ ಹನ್ನೊಂದು ಗಂಟೆಯವರೆಗೆ ಮಾತ್ರ ಅವಕಾಶ. ಆಮೇಲೆ ಅವರ ಜಾಲತಾಣ ಮುಚ್ಚುತ್ತದೆ.

ಹದಿನಾಲ್ಕು ಅಕ್ಷರದ ಪಾಸ್‌ವರ್ಡ್ ಹೊಡೆದ. ಪರದೆ ತೆರೆಯಿತು. ಮೌಸ್ ಹಿಡಿದ. ಪರದೆ ಮುಚ್ಚಿತು!

"ಅರೆ!"

ಮತ್ತೆ ಹದಿನಾಲ್ಕು ಅಕ್ಷರ. ತೆರೆಯಿತು. ಮುಚ್ಚಿತು.

"ಮೌಸ್ ಕೆಟ್ಟಿದೆ," ಎಂದ ಮಗ.

"ಅದಾಗಿ ಕೆಟ್ಟಿಲ್ಲ, ನೀವು ನಿನ್ನೆ ಅದರ ಮೇಲೆ ಚಹಾ ಚೆಲ್ಲಿದ್ರಲ್ಲ, ಅದಕ್ಕೆ," ಎಂದಳು ಸೊಸೆ.

"ಚಹಾ ಚೆಲ್ಲಿದ್ದು ಕೀಲಿಮಣೆ ಮೇಲೆ ಕಣೇ!"

"ಒಪ್ಕೊಂಡ್ರಲ್ಲ!"

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಪರದೆಯ ಕಡೆ ಕತ್ತು ಚಾಚಿದಳು. ಬೀಗ ಬಿದ್ದದ್ದು ಸರಿ. ಆದರೆ ಇಷ್ಟು ಬೇಗ ಯಾಕೆ? ಅರ್ಧ ಗಂಟೆ ಎಲ್ಲಿ ಹೋಯಿತು? ಭಯಕ್ಕಿಂತ ಮೊದಲು ಕುತೂಹಲವೇ ಮುಂದೆ ಬಂತು. ಹತ್ತಿರ ಹೋಗಿ ಬೆರಳು ಮಡಿಸಿ ಎಣಿಸತೊಡಗಿದಳು. ಒಂದು... ಎರಡು ಪೂರ್ತಿ ಆಗುವಷ್ಟರಲ್ಲಿ ಟಪ್! ಮತ್ತೆ ಒಂದು... ಟಪ್!

ಕಂಪ್ಯೂಟರು ಆರಿಸಿ ಹಚ್ಚಿದ್ದಾಯಿತು. ಗೂಡಿನಲ್ಲಿದ್ದದ್ದು ಮತ್ತೆ ಎದ್ದಿತು, ಬೀಗವೂ ಬಿತ್ತು. ಗಂಡ ಹೆಂಡಿರು ಪಾಲು ಮಾಡಿಕೊಂಡರು. ಅವನು ಪಾಸ್‌ವರ್ಡ್, ಅವಳು ಮೌಸು. ತೆರೆಯಿತು, ಸೊಸೆ ಹದ್ದಿನ ಹಾಗೆ ಎರಗಿದಳು, ಕಡತದ ಹತ್ತಿರ ಹೋದಳು, ಟಪ್! ಪಾಸ್‌ವರ್ಡ್ ಹೊಡೆದೂ ಹೊಡೆದೂ ಮಗನ ಕುತ್ತಿಗೆಯ ಪಟ್ಟಿ ಕಿವಿಯವರೆಗೆ ಏರಿತ್ತು. ರಿಪೇರಿಯವನಿಗೆ ಫೋನು ಮಾಡಿದರೆ, "ಮಧ್ಯಾಹ್ನ ಬರ್ತೀನಿ ಸಾರ್, ಅಲ್ಲಿಯವರೆಗೂ ಮುಟ್ಟಬೇಡಿ" ಎಂದ. ಹತ್ತೂ ಮೂವತ್ತೈದು.

ಮಗ ಕೈ ಚೆಲ್ಲಿ ಕುರ್ಚಿಗೆ ಒರಗಿದ. "ಹೋಯ್ತು ಬಿಡು. ಪುಟ್ಟ ಮಕ್ಕಳು ಕೂತು ಓದೋಕೆ ಅಂತ ಎಲ್ಲ ಕಿಟಕಿನೂ ಅವರ ಎತ್ತರಕ್ಕೆ ಇಳಿಸಿದ್ದೆ. ಇನ್ಯಾರು ನೋಡ್ತಾರೆ?"

ಬೈದಿದ್ದರೆ ಅಜ್ಜಿ ತಡೆದುಕೊಳ್ಳುತ್ತಿದ್ದಳೋ ಏನೋ. ಅವನು ಬೈಯಲಿಲ್ಲ.

"ಮಗನೇ," ಎಂದಳು. "ಮೌಸಲ್ಲ ಕಣೋ. ನಾನು."

"ನೀನು ಏನಮ್ಮ?"

"ಬೀಗ. ನಿನ್ನ ಕುತ್ತಿಗೆಗೆ ಅಂತ. ಅರ್ಧ ಗಂಟೆಗೊಂದ್ಸಲ ಅಂತ ಬರೆದಿದ್ದೆ. ಒಳಗಿನವನು ಅದ್ಯಾವ ಅರ್ಧ ಗಂಟೆ ಎಣಿಸ್ತಿದ್ದಾನೋ!"

ಮಗ ಬಾಯಿ ತೆರೆದ. ಕುತ್ತಿಗೆಪಟ್ಟಿ ಅಡ್ಡ ಬಂದು ಪೂರ್ತಿ ತೆರೆಯಲಾಗಲಿಲ್ಲ. ಸೊಸೆ ಹಣೆ ಚಚ್ಚಿಕೊಳ್ಳುವ ಬದಲು ಮಗಳಿಗೆ ಫೋನು ಹಚ್ಚಿದಳು. ಎತ್ತಲಿಲ್ಲ, ಪ್ರಯೋಗಾಲಯದಲ್ಲಿದ್ದಳು. ಮತ್ತೆ ಹಚ್ಚಿದಳು. ಹತ್ತೂ ನಲವತ್ತಾರಕ್ಕೆ ಅವಳೇ ಮಾಡಿದಳು.

"ಅಜ್ಜೀ, ಯಾವ ಸ್ಲೀಪ್ ಬರೆದೆ?"

"ಒಳಗಿನದು."

"ಅಯ್ಯೋ ಅಜ್ಜಿ! ಬಾಗಿಲಲ್ಲಿರೋಳು ಸೆಕೆಂಡಲ್ಲಿ ಎಣಿಸ್ತಾಳೆ. ಒಳಗಿರೋನು ಸೆಕೆಂಡನ್ನ ಸಾವಿರ ಚೂರು ಮಾಡಿ ಒಂದೊಂದು ಚೂರು ಎಣಿಸ್ತಾನೆ. ಅವನಿಗೆ ಸಾವಿರದೆಂಟುನೂರು ಅಂದ್ರೆ ಎರಡು ಸೆಕೆಂಡೂ ಇಲ್ಲ!"

"ಓಹೋ! ಅದಕ್ಕೇ ಎರಡು ಎಣಿಸೋಕೆ ಆಗ್ತಿರಲಿಲ್ಲ!" ಅಜ್ಜಿಯ ಮುಖ ಅರಳಿತು. ಸೊಸೆಯ ಮುಖ ನೋಡಿ ಮತ್ತೆ ಬಾಡಿತು.

"ಈಗ ಕೇಳಿ. ಆರಿಸಿ ಹಚ್ಚಿ. ಪಾಸ್‌ವರ್ಡ್ ಹೊಡೆದು ಎಂಟರ್ ಒತ್ತಿದ ತಕ್ಷಣ ಶಿಫ್ಟ್ ಕೀ ಒತ್ತಿ ಹಿಡ್ಕೋಬೇಕು. ಪರದೆ ಪೂರ್ತಿ ಬಂದು ನಿಲ್ಲೋವರೆಗೂ ಬಿಡಬಾರದು. ಹಿಡಿದಿರೋವಷ್ಟು ಹೊತ್ತು ಗೂಡಲ್ಲಿರೋ ಪ್ರೋಗ್ರಾಮು ಯಾವುದೂ ಏಳಲ್ಲ."

"ಬಾಗಿಲು ಹಿಡ್ಕೊಂಡು ಯಾರನ್ನೂ ಬಿಡಬಾರದು, ಅಷ್ಟೇ ತಾನೆ?" ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಪಕ್ಕಕ್ಕೆ ಸರೀರೋ ಎಲ್ಲ!"

ಮಗ ಪಾಸ್‌ವರ್ಡ್ ಹೊಡೆದ. ಎಂಟರ್! ಅಜ್ಜಿಯ ಹೆಬ್ಬೆರಳು ಶಿಫ್ಟಿನ ಮೇಲೆ ಬಿತ್ತು. ಏಳು ಸಾಹೇಬರ ಬಾಗಿಲು ಹಿಡಿದ ಕೈ ಅದು! ಪರದೆ ಮಿನುಗಿತು, ಒಂದೊಂದಾಗಿ ಚಿತ್ರಗಳು ಮೂಡಿದವು. "ಸಾಕಮ್ಮ," ಎಂದ ಮಗ. "ಸುಮ್ನಿರೋ, ಯಾವನೋ ನುಸುಳ್ತಾನೆ!" ಎಂದಳು. ಒಂದು, ಎರಡು, ಮೂರು, ಹತ್ತು ಎಣಿಸಿದರೂ ಬೀಗ ಬೀಳಲಿಲ್ಲ.

ಮಗ ಮೊದಲು ಸ್ಕ್ರಿಪ್ಟನ್ನು ಗೂಡಿನಿಂದ ಎಳೆದು ಹಾಕಿದ. ಆಮೇಲೆ ನಕ್ಷೆಯನ್ನು ಸ್ಪರ್ಧೆಯ ಜಾಲತಾಣಕ್ಕೆ ಏರಿಸಿದ. ನೀಲಿ ಗೆರೆ ಆಮೆಯ ಹಾಗೆ ತೆವಳಿತು. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ 'ತಲುಪಿದೆ' ಎಂದು ಬಂತು. ಅಜ್ಜಿಯ ಹೆಬ್ಬೆರಳು ಆಗಲೂ ಮೇಜಿನ ಅಂಚನ್ನೇ ಒತ್ತಿಕೊಂಡಿತ್ತು.

ಮಗ ಎದ್ದ. ಕೋಣೆಯ ಉದ್ದಕ್ಕೂ ಎರಡು ಸಲ ಓಡಾಡಿದ. ಕುತ್ತಿಗೆ ಆ ಕಡೆ ಈ ಕಡೆ ತಿರುಗಿಸಿದ.

"ನೋಡಿದ್ಯಾ," ಅಜ್ಜಿ ಮೆಲ್ಲಗೆ ಸೊಸೆಯ ಕಿವಿಯಲ್ಲಿ ಹೇಳಿದಳು, "ಎದ್ದು ಓಡಾಡ್ತಿದ್ದಾನೆ."

ಸಂಜೆ ಮೊಮ್ಮಗಳು ಬಂದವಳೇ ಚೀಲವನ್ನೂ ಇಳಿಸದೆ ಅಜ್ಜಿಯ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅಪ್ಪ ಅಮ್ಮ ಎರಡು ಪಕ್ಕದಲ್ಲಿ. ಥೇಟ್ ವಿಚಾರಣೆ!

"ಬಾಗಿಲಲ್ಲಿ ಒಬ್ಬಳು ಕೂತಿದ್ದಾಳೆ ಅಂತ ನಾನು ಹೇಳಿರಲಿಲ್ವಾ?"

"ಹೇಳಿದ್ದೆ."

"ಅವಳನ್ನ ಕೇಳು ಅಂದಿರಲಿಲ್ವಾ?"

"ಅಂದಿದ್ದೆ."

"ಮತ್ತೆ ಅವಳನ್ನ ದಾಟಿಕೊಂಡು ಸೀದಾ ಒಳಗೆ ಯಾಕಜ್ಜಿ ಹೋದೆ?"

ಅಜ್ಜಿ ತಲೆ ಕೆರೆದುಕೊಂಡಳು. ಬಾಯಿಗೆ ಬಂದದ್ದು ಬಂದೇಬಿಟ್ಟಿತು.

"ದೊಡ್ಡವರನ್ನೇ ಕೇಳಿದ್ರೆ ಕೆಲಸ ಬೇಗ ಆಗುತ್ತೆ ಅಂದ್ಕೊಂಡೆ."

ಅಂದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಮೊದಲು ಮಗನ ಕುತ್ತಿಗೆಪಟ್ಟಿ ಕುಲುಕಿತು, ಆಮೇಲೆ ಮಗ.

"ಆಯ್ತಲ್ಲಜ್ಜಿ," ಎಂದಳು ಮೊಮ್ಮಗಳು, "ಸಾವಿರ ಪಟ್ಟು ಬೇಗ ಆಯ್ತು!"

ಸೊಸೆ ಮಾತ್ರ ನಗಲಿಲ್ಲ. ಗಂಭೀರವಾಗಿ ಅಡುಗೆಮನೆಗೆ ಹೋಗಿ, ಬಾಗಿಲ ಹಿಂದಿನ ಪೊರಕೆ ತಂದು, ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ನೀಡಿದಳು.

"ತಗೊಳ್ಳಿ ಅತ್ತೆ. ಇದೊಂದು. ಮಿಕ್ಕ ನೂರಾ ನಲವತ್ತಮೂರು ಗಾಡಿಯಲ್ಲಿ ಬರ್ತಿವೆ."