ಏಳನೆಯ ಮೀನಿಗೆ ರಜಾ

ನಮ್ಮ ಚಿಕ್ಕಪ್ಪ ದಿನಾ ಬೆಳಗ್ಗೆ ಏಳೂವರೆಗೆ ಮೀನುಗಳ ಹಾಜರಿ ತೆಗೆದುಕೊಳ್ಳುತ್ತಾರೆ ಎಂದರೆ ನೀವು ನನ್ನನ್ನು ಸುಳ್ಳ ಎನ್ನುತ್ತೀರಿ. ಅನ್ನಿ, ಬೇಜಾರಿಲ್ಲ. ಕಣ್ಣಾರೆ ನೋಡುವವರೆಗೆ ನಾನೂ ಹಾಗೇ ಅಂದಿದ್ದೆ! ಗಾಜಿನ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ಉದ್ದನೆಯ ಪುಸ್ತಕ ಬಿಡಿಸಿಕೊಂಡು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಒಂದು... ಎರಡು... ಲೇ, ಏಳನೇದೆಲ್ಲಿ? ಗಿಡದ ಹಿಂದೆ ಸೇರ್ಕಂಡು ಮೈಗಳ್ಳತನ ಮಾಡ್ತಾ ಐತೆ ನೋಡು!" ಎಂದು ಅವತ್ತು ಗದರಿದರು. ಮೀನು ಹೆದರಿಕೊಂಡು ಹೊರಗೆ ಬಂತು. ನನ್ನಾಣೆ, ಬಂತು.

ಚಿಕ್ಕಪ್ಪ ಹಾನುಬಾಳಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತನಾಲ್ಕು ವರ್ಷ ರೈಟರ್ ಆಗಿದ್ದವರು. ಬೆಳಗಾದರೆ ಆಳುಗಳ ಹಾಜರಿ ತೆಗೆದುಕೊಂಡು, ಕೆಲಸ ಹಂಚಿ, ಸಂಜೆಯವರೆಗೆ ಅವರ ಹಿಂದೆ ಕೂಗಾಡುವುದು ಅವರ ಉದ್ಯೋಗ. ಅವರು ಈ ಗುಡ್ಡದಲ್ಲಿ ಕೂಗಿದರೆ ಆ ಗುಡ್ಡದವರು ಕೆಲಸ ಶುರು ಮಾಡುತ್ತಿದ್ದರಂತೆ! ಅಂಥವರು ರಿಟೈರ್ ಆದ ಮರುದಿನ ಅಭ್ಯಾಸಬಲದಿಂದ ಟೋಪಿ ಹಾಕಿ, ಕೊಡೆ ಹಿಡಿದು ಗೇಟಿನವರೆಗೆ ಹೋದರು. ಅಲ್ಲಿ ಸ್ವಲ್ಪ ಹೊತ್ತು ನಿಂತು, ವಾಪಸ್ ಬಂದು ಜಗಲಿಯ ಕುರ್ಚಿಯಲ್ಲಿ ಕೂತರು. ಕೂತವರು ಕೂತೇ ಬಿಟ್ಟರು. ಮಾತಿಲ್ಲ, ಕತೆಯಿಲ್ಲ. ಕಾಫಿ ಕೊಟ್ಟರೆ ಕುಡಿದರು, ಕೊಡದಿದ್ದರೆ ಕೇಳಲಿಲ್ಲ. "ಇವರ ಬಾಯಿ ಒಂದು ದಿನ ಮುಚ್ಚಿಸಪ್ಪಾ ಶಿವನೇ" ಎಂದು ಮದುವೆಯಾದಾಗಿನಿಂದ ಬೇಡಿಕೊಂಡಿದ್ದ ಚಿಕ್ಕಮ್ಮನಿಗೆ, ಶಿವ ಕೇಳಿಸಿಕೊಂಡುಬಿಟ್ಟನಲ್ಲ ಎಂದು ಭಯವಾಗತೊಡಗಿತು.

ಆರು ತಿಂಗಳು ಹೀಗೇ ಕಳೆಯಿತು. ಒಂದು ದಿನ ಹಲ್ಲು ನೋವು ಎಂದು ಚಿಕ್ಕಪ್ಪ ಹಾಸನಕ್ಕೆ ಹೋದರು. ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತಂತೆ. ಒಳಗೆ ಪ್ಲಾಸ್ಟಿಕ್ಕಿನದಲ್ಲ, ನಿಜವಾದ ಗಿಡಗಳು. ಅವುಗಳ ನಡುವೆ ಓಡಾಡುವ ಮೀನುಗಳು. ಇವರ ಹೆಸರು ಕೂಗಿದರೆ ಇವರು ಏಳಲಿಲ್ಲ. ಎರಡನೇ ಸಲ ಕೂಗಿದರೂ ಏಳಲಿಲ್ಲ. ಕೊನೆಗೆ ಕೀಳಿಸಬೇಕಾದ ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡು, ಮೂರಡಿಯ ಗಾಜಿನ ತೊಟ್ಟಿಯೊಂದನ್ನು ಬಾಡಿಗೆ ಜೀಪಿನಲ್ಲಿ ಹೇರಿಕೊಂಡು ಮನೆಗೆ ಬಂದರು. ಹಲ್ಲು ನೋವು ಏನಾಯಿತು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಚಿಕ್ಕಮ್ಮ ಬಾಗಿಲಿಗೇ ಅಡ್ಡ ನಿಂತರು. "ಲಿಂಗ ಕಟ್ಟಿರೋರ ಮನೆಗೆ ಮೀನು ತರ್ತೀರಾ?"

"ತಿನ್ನಕಲ್ಲ ಕಣೇ, ನೋಡಕೆ."

"ಈಗ ನೋಡಕೆ ಅಂತೀರಿ. ನಾಳೆ ಸತ್ರೆ? ದೇವರ ಮನೆ ಎದುರ್ಗೆ ಹೆಣ ಇಟ್ಕಳನಾ?" ಎಂದವರು ಗಂಡನ ಮುಖ ನೋಡಿದರು. ಆರು ತಿಂಗಳಲ್ಲಿ ಈ ಮನುಷ್ಯ ತಾನಾಗಿ ಹೂಡಿದ ಮೊದಲ ವಾದ ಅದು. ಚಿಕ್ಕಮ್ಮನ ಧ್ವನಿ ಇಳಿಯಿತು. "ಆಯ್ತು, ಇಡ್ಕಳಿ. ಆದ್ರೆ ಒಂದೇ ಒಂದು ಮೀನು ಸಾಯ್ಲಿ, ಅವತ್ತೇ ತೊಟ್ಟಿ ಆಚೆಗೆ. ನನ್ನ ಮಾತು ಅಂದ್ರೆ ಮಾತು." ಚಿಕ್ಕಪ್ಪ ಹಣೆಯ ವಿಭೂತಿ ಮುಟ್ಟಿಕೊಂಡು ಒಪ್ಪಿದರು.

ಒಪ್ಪಿದ್ದೇನೋ ಸರಿ. ಆದರೆ ತೊಟ್ಟಿಗೆ ಏನು ಹಾಕಬೇಕೆಂದು ಯಾರನ್ನಾದರೂ ಕೇಳಬೇಕಲ್ಲ! ಮೂವತ್ತನಾಲ್ಕು ವರ್ಷ ಕಾಫಿ ನರ್ಸರಿ ಮಾಡಿಸಿದವರು ಯಾರನ್ನು ಕೇಳುತ್ತಾರೆ? ಗಿಡ ಎಂದರೆ ಗಿಡ. ಕಾಡುಮಣ್ಣು, ಮರಳು, ಮೇಲೆ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ! ಕಾಫಿ ಸಸಿಯ ಲೆಕ್ಕದಲ್ಲೇ ಕಲಸಿ ತೊಟ್ಟಿಯ ತಳಕ್ಕೆ ಹಾಸಿ, ನೀರು ತುಂಬಿಸಿ, ಹಳ್ಳದಿಂದ ತಂದ ಗಿಡಗಳನ್ನು ಸಾಲಾಗಿ ನೆಟ್ಟರು. ಮೂರನೇ ದಿನ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಐದನೇ ದಿನ ಗುಳುಗುಳು ಎಂದು ಗುಳ್ಳೆ ಎದ್ದವು. ಒಂದು ವಾರಕ್ಕೆ ದೇವರ ಮನೆಯ ಊದುಬತ್ತಿ ಸೋತಿತು. ಚಿಕ್ಕಮ್ಮ ಮೂಗಿಗೆ ಸೆರಗು ಹಿಡಿದು ಹೇಳಿದರು: "ಮೀನು ಬರಕೆ ಮುಂಚೆ ನಾವೇ ಸಾಯ್ತೀವಿ ಕಣ್ರೀ."

ಕೊನೆಗೆ ತೊಟ್ಟಿ ಕೊಟ್ಟ ಹಾಸನದ ಮೀನಿನ ಅಂಗಡಿಯವನಿಗೆ ಫೋನು ಹೋಯಿತು. ಅವನು ನಕ್ಕು ಮುಗಿಸಿ ಹೇಳಿದ: ಎಲ್ಲ ತೆಗೆದು ತೊಳೆಯಿರಿ, ತಳಕ್ಕೆ ತೆಳ್ಳಗೆ ಮಣ್ಣು, ಮೇಲೆ ದಪ್ಪಗೆ ತೊಳೆದ ಮರಳು, ಗೊಬ್ಬರದ ಹೆಸರೆತ್ತಬೇಡಿ, ಗಿಡ ನೆಟ್ಟು ಒಂದೂವರೆ ತಿಂಗಳು ಸುಮ್ಮನೆ ಬಿಡಿ, ಮೀನು ಆಮೇಲೆ.

ಒಂದೂವರೆ ತಿಂಗಳು, ಮೀನಿಲ್ಲದ ಮೀನಿನ ತೊಟ್ಟಿ! ನೋಡಲು ಬಂದವರೆಲ್ಲ ಗಾಜಿಗೆ ಮೂಗು ಒತ್ತಿ ಹುಡುಕಿ ಹುಡುಕಿ ಸುಸ್ತಾದರು. ಕಾಫಿ ಲಾರಿ ಇಟ್ಟಿರುವ, ಚಿಕ್ಕಪ್ಪನ ಹಳೇ ಸ್ನೇಹಿತ ಬಾಷಾ ಭಾಯಿ ಒಂದು ಸಂಜೆ ಬಂದು, ಕಾಫಿ ಕುಡಿದು ಮುಗಿಯುವವರೆಗೂ ತೊಟ್ಟಿಯನ್ನೇ ನೋಡಿ, "ಅಲ್ಲಾ ರೈಟ್ರೇ, ಲೈನ್ ಮನೆ ಕಟ್ಟಿ ಆಳು ತರೋದೇ ಮರ್ತ್‌ಬುಟ್ರಾ?" ಎಂದರು.

"ನೀರಲ್ಲಿ ಮೊದ್ಲು ಕಣ್ಣಿಗೆ ಕಾಣದ ಒಳ್ಳೇ ಹುಳ ಹುಟ್ಬೇಕು ಮಾರಾಯ. ಅವು ಮೀನಿನ ಗಲೀಜೆಲ್ಲ ತಿಂದು ನೀರು ಚೊಕ್ಕ ಇಡ್ತಾವೆ" ಎಂದರು ಚಿಕ್ಕಪ್ಪ. ಅಂಗಡಿಯವನು ಅದಕ್ಕಾಗಿಯೇ ಹಳೆಯ ತೊಟ್ಟಿಯೊಂದರಿಂದ ಆ ಹುಳ ತುಂಬಿದ ಸ್ಪಂಜಿನ ತುಂಡು ಕೊಟ್ಟಿದ್ದ.

ಅಡುಗೆಮನೆಯಿಂದ ಚಿಕ್ಕಮ್ಮ ಕೇಳಿದರು: "ಕಣ್ಣಿಗೆ ಕಾಣದಿದ್ರೆ ಹುಟ್ಟಿದ್ದು ಹೆಂಗ್ ಗೊತ್ತಾಗ್ತದೆ?"

"ಮೊಸರು ಹೆಪ್ಪಾಗಿದ್ದು ನಿಂಗೆ ಹೆಂಗ್ ಗೊತ್ತಾಗ್ತದೆ?"

"ಅಯ್ಯೋ, ಹೆಪ್ಪು ಹಾಕೋದು ಅಂತ ಮೊದ್ಲೇ ಹೇಳಬಾರ್ದಾ!" ಎಂದು ಚಿಕ್ಕಮ್ಮ ಕೈ ಒರೆಸಿಕೊಂಡು ಹೊರಗೆ ಬಂದರು. ಅಂದಿನಿಂದ ಯಾರಾದರೂ ತೊಟ್ಟಿಯ ಹತ್ತಿರ ಸುಳಿದರೆ ಸಾಕು, "ಅಲ್ಲಾಡಿಸ್ಬೇಡಿ, ಹೆಪ್ಪು ಒಡೀತದೆ" ಎಂದು ಕಾವಲು ನಿಂತರು.

ನಡುವೆ ಪಾಚಿ ಹತ್ತಿತು. ಕಿಟಕಿಯ ಬಿಸಿಲು ಜಾಸ್ತಿಯಾಗಿದೆ ಎಂದು ಅಂಗಡಿಯವನು ಹೇಳಿದ್ದೇ ತಡ, ಚಿಕ್ಕಪ್ಪ ಹುರುಪುಗೊಂಡರು. ನೆರಳು ಹದ ಮಾಡುವುದು ಎಸ್ಟೇಟಿನವರಿಗೆ ಹೇಳಿಕೊಡಬೇಕೇ? ಒಂದು ವಾರ ಕಿಟಕಿಗೆ ಚಿಕ್ಕಮ್ಮನ ಹಳೇ ಸೀರೆ ಕಟ್ಟುವುದು, ಬಿಚ್ಚುವುದು, ಅರ್ಧ ಮಡಚುವುದು. ಪಾಚಿ ಹೋಯಿತು. ಸೀರೆ ಹಳೆಯದಾಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಅಂತೂ ಮೀನು ಬಂದ ದಿನ ನಾನೂ ಜೊತೆಗಿದ್ದೆ. ಹಾಸನದ ಅಂಗಡಿಯಿಂದ ಕೆಂಪು ನೀಲಿ ಗೆರೆಯ ಹನ್ನೆರಡು ಪುಟ್ಟ ಮೀನು. ಸಕಲೇಶಪುರದಿಂದ ಹಾನುಬಾಳಿನ ಬಸ್ಸಿನಲ್ಲಿ ಚಿಕ್ಕಪ್ಪ ನೀರಿನ ಕವರನ್ನು ಎದೆಗೆ ಅವುಚಿಕೊಂಡು ಕೂತಿದ್ದರು. "ಇದೇನ್ ಯಜಮಾನ್ರೇ?" ಎಂದ ಕಂಡಕ್ಟರಿಗೆ ಸಿಕ್ಕಿದ ಉತ್ತರ: "ಹೊಸ ಆಳು. ಹನ್ನೆರಡು ಜನ. ಮೆಲ್ಲಗೆ ಓಡಿಸ್ಲಿಕ್ಕೆ ಹೇಳಪ್ಪ, ಇವ್ರಿಗೆ ಘಾಟಿ ರೋಡು ಅಭ್ಯಾಸ ಇಲ್ಲ."

ಚಳಿಗಾಲಕ್ಕೆ ತೊಟ್ಟಿಗೆ ಹೀಟರ್ ಬಂತು. "ಮೀನಿಗೆ ಬಿಸಿನೀರು! ಪಾತ್ರೆ ತೊಳೆಯೋ ನಂಗೆ ತಣ್ಣೀರು!" ಎಂದು ಚಿಕ್ಕಮ್ಮ ಕೂಗಾಡಿದರು. ಮರುದಿನವೇ ಅಡುಗೆಮನೆಗೂ ಗೀಸರ್ ಬಂತು. ಮೀನಿನ ಆಹಾರದ ಕತೆ ಬೇರೆ. ಅದರಲ್ಲಿ ಒಣಮೀನಿನ ಪುಡಿ ಇದೆಯೆಂದು ತಿಳಿದು, ಚಿಕ್ಕಮ್ಮ ಡಬ್ಬಿಯನ್ನು ಹೊಸಿಲು ದಾಟಲು ಬಿಡಲಿಲ್ಲ. ಅದಕ್ಕೆ ಸ್ಕೂಟರಿನ ಡಿಕ್ಕಿಯೇ ಗತಿ. ಚಿಕ್ಕಪ್ಪ ಅಲ್ಲಿಂದ ದಿನಾ ಒಂದು ಚಿಟಿಕೆ ತಂದು ಹಾಕಿ, ಮೂರು ಸಲ ಕೈ ತೊಳೆಯಬೇಕು. ಕಾನೂನು ಎಂದರೆ ಕಾನೂನು!

ಆಮೇಲೆ ಹಾಜರಿ ಪುಸ್ತಕ ಶುರುವಾಯಿತು. "ಹನ್ನೆರಡೂ ಒಂದೇ ಥರ ಅವೆ, ನಿಮ್ಗೆ ಹೆಂಗ್ರೀ ಗುರ್ತು ಸಿಗೋದು?" ಎಂದು ಚಿಕ್ಕಮ್ಮ ಹಂಗಿಸುತ್ತಿದ್ದರು. "ಇನ್ನೂರು ಆಳಿನ ಗುರ್ತು ಇಟ್ಕಂಡಿದ್ದೋನು ನಾನು" ಎನ್ನುತ್ತಿದ್ದರು ಚಿಕ್ಕಪ್ಪ. ಕೂಗಾಟ ಮರಳಿ ಬಂದಿತ್ತು. ಮನೆ ಮೊದಲಿನಂತಾಗಿತ್ತು.

ಹೋದ ತಿಂಗಳು ಒಂದು ಶನಿವಾರ ನಾನು ಆಲೂರಿನಿಂದ ಹೋಗಿ ಅಲ್ಲೇ ಉಳಿದೆ. ಭಾನುವಾರ ಬೆಳಗ್ಗೆ ಮುಖ ತೊಳೆಯಲು ಹಿತ್ತಲಿಗೆ ಹೋದರೆ, ಚಿಕ್ಕಮ್ಮ ದಾಸವಾಳದ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಸಟ್ಟುಗದಿಂದ ಮಣ್ಣು ತೋಡುತ್ತಿದ್ದರು. ಪಕ್ಕದಲ್ಲಿ ಒಂದು ಎಲೆ. ಎಲೆಯ ಮೇಲೆ ಒಂದು ಪುಟ್ಟ ಮೀನು. ಅದರ ಮೇಲೆ ಚೂರು ವಿಭೂತಿ.

"ಶ್! ಅವ್ರಿಗೆ ಹೇಳ್ಬೇಡ ಕಣೋ" ಎಂದರು.

"ಒಂದು ಸತ್ರೆ ತೊಟ್ಟಿ ಆಚೆಗೆ ಅಂದೋರು ನೀವೇ ಅಲ್ವಾ ಚಿಕ್ಕಮ್ಮ?"

"ಅಂದಿದ್ದೆ. ಈಗೇನ್ ಮಾಡ್ಲಿ? ತೊಟ್ಟಿ ಹೋದ್ರೆ ಇವ್ರು ಮತ್ತೆ ಆ ಕುರ್ಚೀಲಿ ಕೂತ್ಬುಡ್ತಾರೆ. ಆರು ತಿಂಗ್ಳು ಈ ಮನೇಲಿ ಗಡಿಯಾರ ಒಂದೇ ಸದ್ದು ಮಾಡ್ತಿದ್ದುದು ಕಣೋ. ನಂಗೆ ಇನ್ನೊಂದ್ ಸಲ ಅದನ್ನ ತಡೆಯಕಾಗಲ್ಲ." ಮೀನನ್ನು ಮೆಲ್ಲಗೆ ಗುಂಡಿಗಿಳಿಸಿ, ಮಣ್ಣು ಮುಚ್ಚಿ, ಒಂದು ದಾಸವಾಳ ಇಟ್ಟರು. ನಾನು ಮುಖ ತೊಳೆಯುವ ನೆಪದಲ್ಲಿ ಕಣ್ಣಿಗೂ ನೀರು ಹಾಕಿಕೊಂಡೆ.

ಏಳೂವರೆಗೆ ಹಾಜರಿ. ಚಿಕ್ಕಪ್ಪ ಎಣಿಸಿದರು: ಹನ್ನೊಂದು. ಗಿಡಗಳ ಹಿಂದೆ ಬಗ್ಗಿ ನೋಡಿ ಮತ್ತೆ ಎಣಿಸಿದರು: ಹನ್ನೊಂದು.

"ಒಂದು ರಜಾ ಹಾಕೈತೆ ಅಂತ ಬರ್ಕಳಿ" ಎಂದರು ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು. "ನಿಮ್ಮ ಕಾಟಕ್ಕೆ ಅದೂ ಒಂದಿನ ಎಲ್ಲಾದ್ರೂ ಮಲಗ್ಬಾರ್ದಾ?"

ಚಿಕ್ಕಪ್ಪ ತಿರುಗಿ ಹೆಂಡತಿಯನ್ನು ನೋಡಿದರು. ಸೆರಗಿನ ಅಂಚಿನಲ್ಲಿ ಹಸಿ ಕೆಮ್ಮಣ್ಣು, ಉಗುರುಗಳಲ್ಲೂ ಕೆಮ್ಮಣ್ಣು. ಪೆನ್ನಿನ ಮುಚ್ಚಳ ತೆಗೆದು ಕೇಳಿದರು: "ಯಾವ್ದು?"

"ಏಳನೇದು. ಬಾಲ ಸೀಳಿರೋದು."

ಚಿಕ್ಕಪ್ಪ ತಲೆಯಾಡಿಸಿ, ಏಳನೆಯ ಸಾಲಿನಲ್ಲಿ ನಿಧಾನವಾಗಿ "ರಜಾ" ಎಂದು ಬರೆದರು.

ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಬಂದರು. ಸ್ಟಾಪಿನಲ್ಲಿ ನಿಂತು, ರಸ್ತೆ ನೋಡುತ್ತಲೇ ಹೇಳಿದರು: "ದಾಸವಾಳದ ಬುಡದಲ್ಲಿ ಹೂ ಇತ್ತು. ನೋಡ್ದೆ."

"ಮತ್ತೆ ಯಾಕೆ ಸುಮ್ನಿದ್ರಿ ಚಿಕ್ಕಪ್ಪ?"

"ಅವ್ಳು ಯಾವತ್ತೂ ಆಡಿದ ಮಾತಿಗೆ ತಪ್ಪಿದೋಳಲ್ಲ ಕಣೋ. ಇವತ್ತು ನನಗೋಸ್ಕರ ತಪ್ಪವ್ಳೆ. ಅದನ್ನ ಎದುರಿಗೆ ಎತ್ತಿ ಆಡಕಾಗ್ತದಾ ಮಾರಾಯ?"

ಹೋದ ಭಾನುವಾರ ಮತ್ತೆ ಹೋಗಿದ್ದೆ. ಚಿಕ್ಕಪ್ಪ ಜ್ವರ ಬಂದು ಎರಡು ದಿನ ಮಲಗಿದ್ದರಂತೆ. ಕುತೂಹಲಕ್ಕೆ ಪುಸ್ತಕ ತೆಗೆದು ನೋಡಿದೆ. ಆ ಎರಡು ದಿನ ಹಾಜರಿ ತೆಗೆದುಕೊಂಡಿದ್ದು ಚಿಕ್ಕಮ್ಮ. ಅವರ ಗುಂಡು ಗುಂಡು ಅಕ್ಷರದಲ್ಲಿ ಹನ್ನೊಂದಕ್ಕೆ ಹಾಜರಿ ಬಿದ್ದಿತ್ತು. ಏಳನೆಯದಕ್ಕೆ, ಗಂಡ ಬರೆದಂತೆಯೇ, ರಜಾ.